ಷಡಕ್ಷರದೇವನ ಚಂಪೂಕಾವ್ಯಗಳಲ್ಲಿ ಕಲ್ಪಿತ ದೇಶ

(೧)

ಷಟ್ಪದಿಯೂ ಸಾಂಗತ್ಯವೂ ಕನ್ನಡ ಕವಿಗಳ ಮನಸ್ಸನ್ನು ಸಂಪೂರ್ಣವಾಗಿ ಸೆಳೆದುಕೊಂಡಿದ್ದ ಹದಿನೇಳನೆಯ ಶತಮಾನದಲ್ಲಿ, ಹಳೆಯ ಚಂಪೂಮಾರ್ಗವನ್ನು ಮತ್ತೆ ಹಿಡಿದು ಮೂರು ಕಾವ್ಯಗಳನ್ನು ರಚಿಸಿದವನು ಷಡಕ್ಷರದೇವ. ಮಳವಳ್ಳಿ ತಾಲ್ಲೂಕಿನ ಧನಗೂರು ಈತನ ಊರು. ಎಳಂದೂರಿನೊಡನೆಯೂ ಈತನ ಹೆಸರು ಬೆಸೆದುಕೊಂಡಿದೆ. ಸಂಸ್ಕೃತದಲ್ಲಿ ಕವಿಕರ್ಣರಸಾಯನವನ್ನು ಬರೆದ ಈ ಉಭಯಭಾಷಾ ಪಂಡಿತನು ಕನ್ನಡದಲ್ಲಿ ರಾಜಶೇಖರವಿಲಾಸ, ವೃಷಭೇಂದ್ರವಿಜಯ, ಶಬರಶಂಕರವಿಲಾಸಗಳೆಂಬ ಮೂರು ಚಂಪೂಗಳನ್ನು ಬಿಟ್ಟುಹೋಗಿದ್ದಾನೆ. ಮೊದಲನೆಯದು ೧೬೫೦ರ ದಶಕದಲ್ಲಿಯೂ ಎರಡನೆಯದು ೧೬೭೦ರ ದಶಕದಲ್ಲಿಯೂ ಹುಟ್ಟಿದುವು. ಶಬರಶಂಕರವಿಲಾಸವನ್ನು ಮೂರನೆಯದಾಗಿ ಎಣಿಸುವುದು ರೂಢಿ. ಮೈಸೂರಿನಲ್ಲಿ ಕಂಠೀರವ ನರಸರಾಜನ ಆಳ್ವಿಕೆಯು ಮುಗಿದು, ದೊಡ್ಡದೇವರಾಜನು ಆಳಿ, ಚಿಕ್ಕದೇವರಾಜನು ೧೬೭೩ರಲ್ಲಿ ಪಟ್ಟಕ್ಕೆ ಬಂದ ಕಾಲವದು.

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯ ಉಪಾಧ್ಯಾಯರಿಗೆ ಷಡಕ್ಷರದೇವನು ನೆರೆಮನೆಯ ಕವಿ. ಆದರೂ ನಮ್ಮ ಶಾಲೆ ಕಾಲೇಜುಗಳಲ್ಲಿ ಈತನನ್ನು ಓದಿಸುವ ಕ್ರಮವನ್ನು ನೋಡಿದರೆ, ತಿರುಕೊಳವಿನಾಚಿಯ ಪ್ರಲಾಪವೊಂದನ್ನು ಬಿಡಿಸಿಕೊಂಡು ಮಿಕ್ಕುದನ್ನೆಲ್ಲ ಬದಿಗೆ ಸರಿಸಿದಂತೆ ಕಾಣುವುದು. ಇದಕ್ಕೆ ಹೇಳುವ ಕಾರಣವೂ ಪ್ರಸಿದ್ಧವೇ ಆಗಿದೆ: ಈತನ ದೇಶವರ್ಣನೆ, ಪುರವರ್ಣನೆ, ಶೈಲವರ್ಣನೆಗಳೆಲ್ಲ ಹಿಂದಿನವರ ಅಚ್ಚಿನಲ್ಲಿ ಎರಕ ಹೊಯ್ದವು; ಒಂದು ಕಾವ್ಯದಿಂದ ಕಿತ್ತು ಮತ್ತೊಂದರಲ್ಲಿ ನೆಟ್ಟರೂ ಯಾವ ಬಾಧೆಯೂ ಇಲ್ಲ; ಆದುದರಿಂದ ವರ್ಣನೆಯನ್ನು ದಾಟಿ ಕಥೆಗೆ ಹೋಗುವುದೇ ಲೇಸು, ಎಂಬುದು ಆ ಕಾರಣ.

ಈ ಅಭಿಪ್ರಾಯವು ಸರಿಯೇ ಎಂಬುದು ಪ್ರಕೃತ ಲೇಖನದ ವಿಚಾರ. ವರ್ಣನೆಯ ಸಾಮಗ್ರಿಯು ಮೂರು ಕಾವ್ಯಗಳಿಗೂ ಬಹುಮಟ್ಟಿಗೆ ಸಾಮಾನ್ಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಸಾಮಗ್ರಿಯಿಂದ ಕಟ್ಟಿದ ಸ್ಥಳವು ಮೂರರಲ್ಲಿಯೂ ಒಂದೇ ಅಲ್ಲ. ಅದು ಮಾಡುವ ಕೆಲಸವೂ ಒಂದೇ ಅಲ್ಲ. ಸತ್ಯೇಂದ್ರಚೋಳನ ನಗರದಿಂದ ಕಲ್ಯಾಣಕ್ಕೂ ಕಲ್ಯಾಣದಿಂದ ಇಂದ್ರಕೀಲಕ್ಕೂ ಹೋಗುವಾಗ ಕವಿಯ ಕಲ್ಪಿತ ದೇಶವು ಕ್ರಮವಾಗಿ ಮಾರ್ಪಡುವುದು. ಆ ಮಾರ್ಪಾಟನ್ನು ಗಮನಿಸದೆ ಈತನನ್ನು ಅನುಕರಣಕಾರನೆಂದು ನಿರ್ಣಯಿಸುವುದು ಆತುರದ ತೀರ್ಪು ಎಂಬುದೇ ನಮ್ಮ ಪಕ್ಷ.

(೨)

ಮೊದಲು ಲಕ್ಷಣದ ಮಾತನ್ನು ಸಂಕ್ಷೇಪವಾಗಿ ಮುಗಿಸಿಕೊಳ್ಳುವೆವು. ಮಹಾಕಾವ್ಯಕ್ಕೆ ಬೇಕಾದ ವರ್ಣನೆಗಳನ್ನು ದಂಡಿಯು ಕಾವ್ಯಾದರ್ಶದ ಪ್ರಥಮ ಪರಿಚ್ಛೇದದಲ್ಲಿ ಎಣಿಸಿದ್ದಾನೆ. ಅಷ್ಟಾದಶವರ್ಣನೆಯೆಂದು ಕನ್ನಡ ಕವಿಗಳು ಹೇಳುವುದು ಇದನ್ನೇ. ಈ ಹದಿನೆಂಟರಲ್ಲಿ ನೇರವಾಗಿ ಸ್ಥಳಸಂಬಂಧವಾದವು ನಗರ, ಅರ್ಣವ, ಶೈಲ, ಉದ್ಯಾನಗಳೆಂಬ ನಾಲ್ಕೇ. ಮಿಕ್ಕವು ಕಾಲಕ್ಕೋ ನಾಯಕನ ಬಾಳಿಗೋ ಸೇರಿದವು. ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಪಟ್ಟಿಯ ಮೊದಲ ಹೆಸರೇ ನಗರ. ಅರಣ್ಯವಾಗಲಿ ಬೇಟೆಯಾಗಲಿ ಆ ಪಟ್ಟಿಯಲ್ಲಿ ಇಲ್ಲ. ಅವೆರಡೂ ಹದಿನಾಲ್ಕನೆಯ ಶತಮಾನದ ವಿಶ್ವನಾಥನ ಸಾಹಿತ್ಯದರ್ಪಣದ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುವು. ಎರಡನೆಯದಾಗಿ, ಈ ಅಂಗಗಳಲ್ಲಿ ಕೆಲವು ಕಡಮೆಯಾದರೂ, ಇರುವುವು ಸಹೃದಯರಿಗೆ ಒಪ್ಪುವಂತಿದ್ದರೆ ಕಾವ್ಯವು ಕೆಡುವುದಿಲ್ಲವೆಂದು ದಂಡಿಯೇ ಸಡಿಲ ಕೊಟ್ಟಿದ್ದಾನೆ. ಆದುದರಿಂದ ಯಾವ ವರ್ಣನೆಯನ್ನು ಎಲ್ಲಿ ಇಡಬೇಕು, ಯಾವುದನ್ನು ಬಿಡಬೇಕು ಎಂಬುದು ಕವಿಯ ಇಷ್ಟಕ್ಕೆ ಸೇರಿದ್ದು. ಇಷ್ಟವಿರುವಲ್ಲಿ ವಿಮರ್ಶೆಗೆ ಅವಕಾಶವಿದೆ.

ಇನ್ನು ಕವಿಸಮಯದ ಮಾತು. ಕಾವ್ಯಮೀಮಾಂಸೆಯನ್ನು ಬರೆದ ರಾಜಶೇಖರನು, ಲೋಕದಲ್ಲಿ ಇಲ್ಲದಿದ್ದರೂ ಕವಿಗಳು ಇದೆಯೆಂದು ಬರೆಯುವ ವಿಷಯಗಳನ್ನು ಎಣಿಸುತ್ತ, ನದಿಗಳಲ್ಲಿ ತಾವರೆ, ನೀರಿರುವೆಡೆಯಲ್ಲೆಲ್ಲ ಹಂಸ, ಎಲ್ಲ ಬೆಟ್ಟಗಳಲ್ಲಿಯೂ ಹೊನ್ನು ರತ್ನಗಳನ್ನು ವರ್ಣಿಸುವ ವಾಡಿಕೆಯನ್ನು ಹೇಳುವನು. ಬೇರೊಂದು ಅಧ್ಯಾಯದಲ್ಲಿ ದೇಶವಿಭಾಗವನ್ನೂ ವಿಸ್ತರಿಸುವನು. ಈ ಗ್ರಂಥವು ೧೯೧೬ರಲ್ಲಿ ಬರೋಡೆಯ ಗಾಯಕವಾಡ ಗ್ರಂಥಮಾಲೆಯ ಮೊದಲ ಸಂಪುಟವಾಗಿ ಅಚ್ಚಾದಂದಿನಿಂದ ಎಲ್ಲರ ಕೈಗೂ ಎಟಕುವಂತಾಗಿದೆ. ಹೀಗಿರಲು, ಹಂಸ ತಾವರೆಗಳ ದೆಸೆಯಿಂದ ಒಂದು ಕಾವ್ಯದೇಶವನ್ನು ಇನ್ನೊಂದರಿಂದ ಬೇರ್ಪಡಿಸಲಾಗದು. ಅವು ನೇಯ್ಗೆಯವನ ಮಗ್ಗದಲ್ಲಿರುವ ಹಾಸಿನಂತೆ. ಬಟ್ಟೆಯ ಬಗೆಯನ್ನು ನಿರ್ಣಯಿಸುವುದು ಅದರೊಳಗೆ ಹೊಕ್ಕು ಬರುವ ಹೊಕ್ಕು. ಸ್ಥಳದ ಒಳಗೆ ನಡೆಯುವ ಘಟನೆ, ಅಲ್ಲಿ ಅಧಿಕಾರವು ಯಾರ ಕೈಯಲ್ಲಿದೆ, ಅಲ್ಲಿಗೂ ಕೈಲಾಸಕ್ಕೂ ಎಷ್ಟು ದೂರ, ಈ ಮೂರು ಪ್ರಶ್ನೆಗಳನ್ನು ಕೇಳಿದರೆ ಭೇದವು ಹೊರಬೀಳುವುದು.

ಒಬ್ಬ ಕವಿಯ ಕಲ್ಪಿತ ದೇಶವು ಕೃತಿಯಿಂದ ಕೃತಿಗೆ ಮಾರ್ಪಡುವುದು ಲೋಕಸಾಹಿತ್ಯದಲ್ಲಿ ಅಪೂರ್ವವಲ್ಲ. ಇಪ್ಪತ್ತನೆಯ ಶತಮಾನದ ಆಂಗ್ಲ ಲೇಖಕ ಟೋಲ್ಕಿನ್ನನು ತನ್ನ ಆರಂಭದ ಕಥೆಗಳಲ್ಲಿ ಒಂದು ಮಾಯಾದ್ವೀಪವನ್ನು ಕಲ್ಪಿಸಿ ಅದೇ ಮುಂದೆ ಇಂಗ್ಲೆಂಡ್ ಆಯಿತೆಂದು ಬಗೆದಿದ್ದನು. ಬರಬರುತ್ತ ಆ ಎಣಿಕೆಯನ್ನು ಕೈಬಿಟ್ಟು ದ್ವೀಪವನ್ನು ಮರ್ತ್ಯರ ಭೂಪಟದಾಚೆಗೆ ಸರಿಸಿದನು. ಆತನು ಒಂದೇ ದೇಶವನ್ನು ಬಾಳೆಲ್ಲ ತಿದ್ದಿದವನು. ನಮ್ಮ ಕವಿಯ ರೀತಿಯು ಇದಕ್ಕೆ ವಿಪರ್ಯಯ: ವರ್ಣನೆಯ ಕ್ರಮವನ್ನು ಸ್ಥಿರವಾಗಿರಿಸಿಕೊಂಡು ದೇಶವನ್ನೇ ಬದಲಾಯಿಸಿದನು. ಆದಕಾರಣ ಇಲ್ಲಿ ಬದಲಾವಣೆಯನ್ನು ಕಾಣುವುದು ಹೆಚ್ಚು ಕಷ್ಟ.

(೩)

ರಾಜಶೇಖರವಿಲಾಸದ ಕಥೆಯು ಕವಿಯ ಸ್ವಂತದ್ದಲ್ಲ. ಗುಬ್ಬಿಯ ಮಲ್ಲಣಾರ್ಯನು ೧೫೧೩ರಲ್ಲಿ ಬರೆದ ಭಾವಚಿಂತಾರತ್ನವು ಸತ್ಯೇಂದ್ರಚೋಳನ ಕಥೆಯನ್ನು ಷಟ್ಪದಿಯಲ್ಲಿ ಹೇಳುವುದು. ಪಂಚಾಕ್ಷರಿಯ ಮಹಿಮೆಯನ್ನು ಸ್ಥಾಪಿಸುವುದೇ ಅದರ ಉದ್ದೇಶ. ಕಥೆಯ ತಿರುಳು ವಾಚಕರಿಗೆ ತಿಳಿದುದೇ: ಅರಸುಕುಮಾರ ರಾಜಶೇಖರನು ಮಂತ್ರಿಪುತ್ರನೊಡನೆ ಕುದುರೆಯೇರಿ ಬೀದಿಯಲ್ಲಿ ಹೋಗುವಾಗ ಕುದುರೆಯ ಕಾಲಿಗೆ ಸಿಕ್ಕಿ ತಿರುಕೊಳವಿನಾಚಿಯ ಮಗು ಸಾಯುವುದು, ತಾಯಿಯು ಅರಸನಲ್ಲಿ ಮೊರೆಯಿಡುವಳು, ಸತ್ಯೇಂದ್ರನು ಮಗನೆಂದು ನೋಡದೆ ದಂಡನೆಯನ್ನು ವಿಧಿಸುವನು, ಕಡೆಗೆ ಶಿವನು ಪ್ರತ್ಯಕ್ಷನಾಗಿ ಅನುಗ್ರಹಿಸುವನು.

ಷಟ್ಪದಿಯ ಕಥೆಯನ್ನು ಚಂಪೂವಿಗೆ ತರುವಾಗ ಕವಿಗೆ ದೊರೆತ ಹೊಸ ಅವಕಾಶವೇ ಸ್ಥಳವರ್ಣನೆ. ಷಟ್ಪದಿಯು ಸ್ವಭಾವತಃ ಓಡುವ ಪದ್ಯ, ಚಂಪುವು ನಿಲ್ಲಬಲ್ಲುದು. ನಿಂತು ಕವಿಯು ಕಟ್ಟುವುದು ಸರ್ವಸಂಪನ್ನವಾದ ಒಂದು ರಾಜಧಾನಿಯನ್ನು. ಪುರವರ್ಣನೆಯ ಸಂಪ್ರದಾಯದಲ್ಲಿ ಬೀದಿಯ ಜನಸಂದಣಿಯನ್ನೂ ಅರಸರ ಕುದುರೆಗಳ ವೇಗವನ್ನೂ ನಗರದ ಐಶ್ವರ್ಯವೆಂದು ಹೊಗಳುವುದು ವಾಡಿಕೆ. ಈ ವಾಡಿಕೆಯ ಮಾತುಗಳನ್ನು ಓದುವಾಗ ನಾವು ಅಲಂಕಾರವೆಂದು ತಲೆದೂಗಿ ಮುಂದೆ ಹೋಗುವೆವು. ಈ ಕಾವ್ಯದಲ್ಲಿಯಾದರೋ ಆ ಸಂದಣಿಯಲ್ಲಿಯೇ, ಆ ವೇಗದಿಂದಲೇ ಮಗು ಸಾಯುವುದು. ಯಾವುದನ್ನು ಸಂಪತ್ತೆಂದು ಪುರವರ್ಣನೆಯು ಎಣಿಸುವುದೋ ಅದೇ ಕಥೆಯಲ್ಲಿ ಮೃತ್ಯುವಾಗುವುದು. ವರ್ಣನೆಯನ್ನು ಓದದೆ ನೇರವಾಗಿ ಪ್ರಲಾಪಕ್ಕೆ ಬಂದ ವಿದ್ಯಾರ್ಥಿಗೆ ದೊರೆಯುವುದು ಒಂದು ಆಕಸ್ಮಿಕ. ವರ್ಣನೆಯನ್ನು ಓದಿ ಬಂದವನಿಗೆ ದೊರೆಯುವುದು ಆ ನಗರದ ಮೇಲೆ ಬಂದ ಒಂದು ಆಪಾದನೆ.

ಇದೇ ಬಗೆಯ ಕಥೆ ತಮಿಳಿನಲ್ಲಿ ಪ್ರಸಿದ್ಧವಾಗಿದೆ. ಹನ್ನೆರಡನೆಯ ಶತಮಾನದ ಶೇಕ್ಕಿಳಾರನ ಪೆರಿಯಪುರಾಣದಲ್ಲಿ ತಿರುವಾರೂರಿನ ಮನುಚೋಳನ ಮಗನ ರಥಕ್ಕೆ ಸಿಕ್ಕಿ ಒಂದು ಕರುವು ಸಾಯುವುದು. ಹಸುವು ಅರಮನೆಯ ಗಂಟೆಯನ್ನು ಬಾರಿಸಿ ನ್ಯಾಯವನ್ನು ಬೇಡುವುದು. ಅಲ್ಲಿಯೂ ಅರಸನು ಮಗನನ್ನು ಉಳಿಸಲೊಪ್ಪನು. ಆದರೆ ಹಸುವು ಗಂಟೆಯನ್ನು ಬಾರಿಸಬಹುದೇ ಹೊರತು ಮಾತನಾಡಲಾರದು. ನಮ್ಮ ಕಥೆಯಲ್ಲಿ ಸತ್ತುದು ಮನುಷ್ಯನ ಮಗು. ದೂರುವವಳು ಅದರ ತಾಯಿ. ಆಕೆ ಬಾಯಿಬಿಟ್ಟಾಗ ಆ ನಗರದಲ್ಲಿ ಕವಿಯ ಹೊಗಳಿಕೆಯಲ್ಲದ ಬೇರೊಂದು ದನಿಯು ಮೊದಲ ಬಾರಿಗೆ ಕೇಳಿಬರುವುದು. ರಘುವಂಶದ ಹದಿನಾರನೆಯ ಸರ್ಗದಲ್ಲಿ ಅಯೋಧ್ಯೆಯ ಅಧಿದೇವತೆಯು ಸ್ತ್ರೀರೂಪದಿಂದ ನಡುರಾತ್ರಿಯಲ್ಲಿ ಕುಶನ ಮುಂದೆ ನಿಂತು ತನ್ನ ಹಾಳುಬಿದ್ದ ಸ್ಥಿತಿಯನ್ನು ತಾನೇ ಹೇಳಿಕೊಳ್ಳುವ ಸಂದರ್ಭವನ್ನು ಸಂಸ್ಕೃತಜ್ಞರು ಇಲ್ಲಿ ಸ್ಮರಿಸಬಹುದು. ಅಲ್ಲಿ ನಗರವೇ ಹೆಣ್ಣಾಗಿ ಮಾತನಾಡಿತು. ಇಲ್ಲಿ ನಗರದ ಹೆಣ್ಣೊಬ್ಬಳು ಮಾತನಾಡಿದಳು. ಕಾಳಿದಾಸನ ಅಯೋಧ್ಯೆಯು ಜನರಿಲ್ಲದೆ ಹಾಳಾದುದು. ಷಡಕ್ಷರದೇವನ ಪುರದ ಕೊರತೆಯು ತುಂಬಿದ ಬೀದಿಯಲ್ಲಿಯೇ ಕಾಣಿಸಿಕೊಂಡುದು.

ಈ ನಗರವು ಚೋಳದೇಶದಲ್ಲಿರುವುದಕ್ಕೂ ಅರ್ಥವುಂಟು. ಶಿವಭಕ್ತರ ಕಥೆಗಳಿಗೆ ಚೋಳದೇಶವು ಹರಿಹರನ ಕಾಲದಿಂದಲೂ ರೂಢವಾದ ನೆಲೆ. ಮಳವಳ್ಳಿಯ ಸೀಮೆಯವನಿಗೆ ಅದು ತೀರ ಪರದೇಶವೂ ಅಲ್ಲ: ಶಿವನಸಮುದ್ರದಲ್ಲಿ ಧುಮುಕಿ, ಮುಂದೆ ಶಿಂಷೆಯನ್ನು ಕೂಡಿಕೊಂಡು ಹೋಗುವ ಕಾವೇರಿಯೇ ಚೋಳದೇಶವನ್ನು ಸಾಕುವ ನದಿ. ನೆರೆಯ ತಲಕಾಡು ಚೋಳರ ಆಳ್ವಿಕೆಯಲ್ಲಿ ರಾಜರಾಜಪುರವೆನಿಸಿಕೊಂಡಿತ್ತು. ಹೆಸರು ಬಲ್ಲುದು, ನದಿ ಬಲ್ಲುದು, ಆದರೆ ಕಾಲವೂ ಅರಸನೂ ಕಥೆಯವು. ಅದ್ಭುತವು ನಡೆಯುವುದಕ್ಕೆ ಇಂತಹ ಅರೆಪರಿಚಿತ ದೇಶವೇ ತಕ್ಕುದು.

ಇಲ್ಲಿ ದೋಷವೂ ಇಲ್ಲದಿಲ್ಲ. ಶಿವನು ಬಂದು ಅನುಗ್ರಹಿಸಿದೊಡನೆ ಕಥೆಯು ಮಂಗಳದಲ್ಲಿ ಮುಗಿಯುವುದು. ಭಕ್ತಿಯ ದೃಷ್ಟಿಯಿಂದ ಇದು ಸಲ್ಲುವುದಾದರೂ, ಆ ತಾಯಿಯು ಬೀದಿಯಲ್ಲಿ ಎತ್ತಿದ ಪ್ರಶ್ನೆಗೆ ನಗರವು ಸ್ವತಃ ಕೊಟ್ಟ ಉತ್ತರವೇನೂ ಇಲ್ಲ; ಉತ್ತರವು ಮೇಲಿನಿಂದ ಬಂದುದು. ಅರಸನ ನ್ಯಾಯವು ತನ್ನ ಕೊನೆಯ ಹೆಜ್ಜೆಯನ್ನಿಡುವಲ್ಲಿ ದೇವರು ಕೈಹಿಡಿದು ನಿಲ್ಲಿಸಿದಂತಾಯಿತು. ಸಿಂಹಾಸನವನ್ನು ಕೇಂದ್ರದಲ್ಲಿರಿಸಿಕೊಂಡ ನಗರದಿಂದ ಇದಕ್ಕಿಂತ ಹೆಚ್ಚಿನ ಉತ್ತರವನ್ನು ಪಡೆಯುವುದು ಕವಿಗೆ ಸಾಧ್ಯವಾಗಲಿಲ್ಲವೆಂದೇ ನಮಗೆ ತೋರುತ್ತದೆ.

(೪)

ವೃಷಭೇಂದ್ರವಿಜಯಕ್ಕೆ ಬಂದರೆ ಸನ್ನಿವೇಶವು ಬೇರೆ. ಬಸವೇಶ್ವರನ ಚರಿತ್ರೆಯಾದ ಈ ಕಾವ್ಯವು ೪೨ ಆಶ್ವಾಸಗಳ ದೊಡ್ಡ ಗ್ರಂಥ. ಇಲ್ಲಿಯ ಊರುಗಳು ಕವಿಕಲ್ಪಿತವಲ್ಲ. ಬಾಗೇವಾಡಿ, ಕೂಡಲಸಂಗಮ, ಕಲ್ಯಾಣ ಇವೆಲ್ಲ ನೆಲದ ಮೇಲಿರುವ ಊರುಗಳು. ಹಾಗಾದರೆ ಕಲ್ಪಿತ ದೇಶದ ಚರ್ಚೆಯಲ್ಲಿ ಇದಕ್ಕೇನು ಸ್ಥಾನವೆಂದು ಕೇಳಬಹುದು. ಉತ್ತರವಿಷ್ಟೆ: ಚಾಲುಕ್ಯ ಒಂದನೆಯ ಸೋಮೇಶ್ವರನು ಹನ್ನೊಂದನೆಯ ಶತಮಾನದಲ್ಲಿ ರಾಜಧಾನಿಯನ್ನಾಗಿ ಮಾಡಿಕೊಂಡ, ಹನ್ನೆರಡನೆಯ ಶತಮಾನದಲ್ಲಿ ಕಳಚುರಿ ಬಿಜ್ಜಳನ ವಶವಾದ ಕಲ್ಯಾಣಕ್ಕೂ ಈ ಕವಿಗೂ ನಡುವೆ ಐದು ಶತಮಾನಗಳ ಅಂತರವಿದೆ. ಕವಿಯ ಕಾಲದ ಕಲ್ಯಾಣವಾದರೋ ಬಿಜಾಪುರದ ಸುಲ್ತಾನರ ಕೋಟೆಯಾಗಿದ್ದು, ೧೬೫೭ರಲ್ಲಿ ಔರಂಗಜೇಬನ ಸೈನ್ಯದ ಮುತ್ತಿಗೆಗೆ ಸಿಕ್ಕಿ ಬಿದ್ದಿತು. ಕಾವ್ಯದ ಕಲ್ಯಾಣವು ಈ ಕೋಟೆಯಿಂದ ಬಂದುದಲ್ಲ. ಅದು ಬಂದುದು ಹರಿಹರನ ರಗಳೆಯಿಂದ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಿಂದ, ಅದನ್ನು ಭೀಮಕವಿಯು ೧೩೬೯ರಲ್ಲಿ ಕನ್ನಡಕ್ಕೆ ತಂದುದರಿಂದ ಬೆಳೆದ ಪರಂಪರೆಯಿಂದ. ನೆಲದ ಮೇಲೆ ಹೆಸರುಂಟು; ಕಾವ್ಯದಲ್ಲಿರುವುದು ಗ್ರಂಥಗಳಲ್ಲಿ ಕಟ್ಟಿದ ಪಟ್ಟಣ. ಸತ್ಯೇಂದ್ರನ ನಗರದ ವಿಷಯದಲ್ಲಿ ಕವಿಯನ್ನು ಯಾರೂ ಪ್ರಶ್ನಿಸಲಾರರು. ಕಲ್ಯಾಣದ ವಿಷಯದಲ್ಲಿಯಾದರೋ ಭಕ್ತರೆಲ್ಲರ ಮನಸ್ಸಿನಲ್ಲಿಯೂ ಮೊದಲೇ ಒಂದೊಂದು ಕಲ್ಯಾಣವಿತ್ತು. ಕಲ್ಪನೆಗೆ ಇದು ಹೆಚ್ಚಿನ ಕಟ್ಟುಪಾಡು.

ಈ ಪಟ್ಟಣದ ರಚನೆಯನ್ನು ಹಿಂದಿನ ನಗರದೊಡನೆ ಹೋಲಿಸಿರಿ. ಪುರವರ್ಣನೆಯ ಹಳೆಯ ಕ್ರಮವು ಹೊರಗಿನ ಉದ್ಯಾನ, ಅಗಳು, ಕೋಟೆಗಳಿಂದ ಹೊರಟು ಬೀದಿಗಳನ್ನು ದಾಟಿ ಅರಮನೆಯನ್ನು ಸೇರುವುದು. ಅರಸನ ವರ್ಣನೆಯೇ ಅದರ ಶಿಖರ. ಕಲ್ಯಾಣದಲ್ಲಿ ಅರಮನೆಯೊಂದೇ ಕೇಂದ್ರವಲ್ಲ. ಬಿಜ್ಜಳನ ಓಲಗವು ಒಂದು ಕಡೆ, ಬಸವಣ್ಣನ ಮಹಮನೆಯು ಇನ್ನೊಂದು ಕಡೆ. ಭಂಡಾರಿಯಾದ ಬಸವಣ್ಣನು ಎರಡಕ್ಕೂ ಸೇರಿದವನು. ಅರಮನೆಗೆ ಹೋಗುವವರು ಕರೆಸಿಕೊಂಡವರು. ಮಹಮನೆಗೆ ಬರುವವರು ತಾವಾಗಿ ಬಂದವರು. ಪರಂಪರೆಯು ಹೇಳುವಂತೆ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ಅಲ್ಲಿ ದಾಸೋಹ. ಬಳ್ಳಿಗಾವಿಯ ಕಡೆಯಿಂದ ಅಲ್ಲಮನು, ಸೊನ್ನಲಿಗೆಯಿಂದ ಸಿದ್ಧರಾಮನು, ಉಡುತಡಿಯಿಂದ ಮಹಾದೇವಿಯು ಬಂದು ಸೇರುವರೆಂಬುದು ಶರಣಸಾಹಿತ್ಯದ ಪ್ರಸಿದ್ಧಿ. ಸತ್ಯೇಂದ್ರನ ನಗರದ ಹಿರಿಮೆಯು ಅದರ ಗೋಡೆಯೊಳಗಿನ ಐಶ್ವರ್ಯದಲ್ಲಿತ್ತು. ಕಲ್ಯಾಣದ ಹಿರಿಮೆಯು ಅದರ ತೆರೆದ ಬಾಗಿಲಲ್ಲಿರುವುದು. ಹೀಗಾಗಿ ಜನಸಂದಣಿಯೆಂಬ ಹಳೆಯ ವರ್ಣನಾವಸ್ತುವೇ ಇಲ್ಲಿ ಅರ್ಥವನ್ನು ಬದಲಾಯಿಸಿಕೊಂಡಿತು. ಮೊದಲ ಕಾವ್ಯದಲ್ಲಿ ಸಂದಣಿಯು ಮಗುವನ್ನು ಕೊಂದಿತು. ಎರಡನೆಯದರಲ್ಲಿ ಸಂದಣಿಯೇ ಸಂಘವಾಯಿತು.

ಪುರಾಣದ ಪದ್ಧತಿಯಂತೆ ಭಕ್ತರ ಕಥೆಗಳು ಒಂದರೊಳಗೊಂದು ಸೇರಿಕೊಳ್ಳುವುದರಿಂದ ಇನ್ನೊಂದು ವಿಶೇಷವೂ ಒದಗುವುದು. ಚೋಳದೇಶದ ಭಕ್ತನ ಕಥೆ ಬಂದಾಗ ಚೋಳದೇಶವೂ, ಆಂಧ್ರದ ಭಕ್ತನ ಕಥೆ ಬಂದಾಗ ಆಂಧ್ರವೂ ಕಲ್ಯಾಣದ ಮಾತಿನೊಳಗೆ ಹುದುಗುವುವು. ಮೊದಲ ಕಾವ್ಯದಲ್ಲಿ ಇಡಿಯ ರಂಗವಾಗಿದ್ದ ಚೋಳದೇಶವು ಎರಡನೆಯದರಲ್ಲಿ ಕಲ್ಯಾಣದಲ್ಲಿ ಕುಳಿತು ಕೇಳಬಹುದಾದ ಒಂದು ಕಥೆಯಾಯಿತು. ಕವಿಯ ಭೂಪಟವು ಹಿಗ್ಗಿತು. ಅದರ ನಾಭಿಯು ದಕ್ಷಿಣದಿಂದ ಉತ್ತರಕ್ಕೆ ಸರಿಯಿತು.

ಗುಣವನ್ನು ಹೇಳಿದಷ್ಟೇ ಸ್ಪಷ್ಟವಾಗಿ ದೋಷವನ್ನೂ ಹೇಳಬೇಕು. ಹಿಗ್ಗಿದ ಭೂಪಟಕ್ಕೆ ಅಂಚು ಉಳಿಯಲಿಲ್ಲ. ಕಥೆಯ ಮೇಲೆ ಕಥೆ ಬಂದು ಬೀಳುವಾಗ ಕಲ್ಯಾಣದ ಬೀದಿಯಾವುದು, ಕೇಳಿದ ಕಥೆಯೊಳಗಿನ ಬೀದಿಯಾವುದು ಎಂಬ ಭೇದವು ಮಸುಕಾಗುವುದು. ಆನಂದವರ್ಧನನು ರಸಭಂಗಕ್ಕೆ ಅನೌಚಿತ್ಯವನ್ನು ಮುಖ್ಯ ಕಾರಣವಾಗಿ ಎಣಿಸಿದ್ದಾನೆ; ವರ್ಣನೆಯ ಅತಿವಿಸ್ತಾರವೂ ಅನೌಚಿತ್ಯದ ಒಂದು ಬಗೆ. ದಂಡಿಯು ಕೊಟ್ಟ ಸಡಿಲವನ್ನು ಕವಿಯು ಈ ಕಾವ್ಯದಲ್ಲಿ ಇನ್ನಷ್ಟು ಬಳಸಿಕೊಂಡಿದ್ದರೆ ಕಲ್ಯಾಣದ ಅವಸಾನಕ್ಕೆ ಇನ್ನೂ ಹೆಚ್ಚಿನ ತೀಕ್ಷ್ಣತೆಯು ಬರುತ್ತಿದ್ದಿತು. ಏಕೆಂದರೆ ಈ ಚರಿತ್ರೆಯಲ್ಲಿ ಕಲ್ಯಾಣವು ಉಳಿಯುವುದಿಲ್ಲ. ಬಿಜ್ಜಳನ ಕೊಲೆ, ಪಟ್ಟಣದ ಕ್ಷೋಭೆ, ಬಸವಣ್ಣನು ಸಂಗಮಕ್ಕೆ ಮರಳುವುದು, ಇವು ಪರಂಪರೆಯ ನಿಶ್ಚಿತ ಘಟನೆಗಳು. ಮೊದಲ ಕಾವ್ಯದ ನಗರವನ್ನು ಶಿವನು ಬಂದು ಉಳಿಸಿದನು. ಎರಡನೆಯದನ್ನು ಉಳಿಸುವುದಕ್ಕೆ ಯಾರೂ ಬರಲಿಲ್ಲ. ಆದರೆ ಮಹಮನೆಯ ಅರ್ಥವು ಗೋಡೆಗಳ ಮೇಲೆ ನಿಂತುದಲ್ಲವಾದುದರಿಂದ ಪಟ್ಟಣವು ಹೋದರೂ ಕಾವ್ಯದ ಹೆಸರು ವಿಜಯವೆಂದೇ ಉಳಿಯಿತು.

(೫)

ಶಬರಶಂಕರವಿಲಾಸವು ಐದೇ ಆಶ್ವಾಸಗಳ ಸಣ್ಣ ಕಾವ್ಯ. ವಸ್ತುವು ಭಾರವಿ, ಪಂಪ, ಕುಮಾರವ್ಯಾಸರಿಂದ ಪ್ರಸಿದ್ಧವಾದ ಕಿರಾತಾರ್ಜುನ ಪ್ರಸಂಗ. ಅರ್ಜುನನು ಇಂದ್ರಕೀಲದಲ್ಲಿ ತಪಸ್ಸು ಮಾಡುವನು. ಹಂದಿಯ ರೂಪದ ಮೂಕಾಸುರನು ಮೇಲೆ ಬೀಳುವನು. ಬೇಡನ ವೇಷದಿಂದ ಬಂದ ಶಿವನಿಗೂ ಅರ್ಜುನನಿಗೂ ಆ ಬೇಟೆಯ ದೆಸೆಯಿಂದ ಕಲಹವು ಹುಟ್ಟಿ, ಯುದ್ಧವಾಗಿ, ಕಡೆಗೆ ಪಾಶುಪತಾಸ್ತ್ರದ ಅನುಗ್ರಹವಾಗುವುದು.

ಇಲ್ಲಿ ನಗರವಿಲ್ಲ. ಕಾವ್ಯದ ಪ್ರಧಾನ ರಂಗವು ಬೆಟ್ಟ ಮತ್ತು ಕಾಡು; ಪ್ರಧಾನ ಕ್ರಿಯೆಯು ಬೇಟೆ. ದಂಡಿಯ ಪಟ್ಟಿಯಲ್ಲಿ ಮೊದಲು ನಿಲ್ಲುವ ವಸ್ತುವು ಹಿಂದೆ ಸರಿದು, ಆ ಪಟ್ಟಿಯಲ್ಲಿ ಇಲ್ಲದವು ಮುಂದೆ ಬಂದುವು. ಭಾರವಿಯಲ್ಲಿಯೂ ಹೀಗೆಯೇ ಅಲ್ಲವೇ ಎಂದರೆ, ಭಾರವಿಯ ಕಾವ್ಯವು ದ್ವೈತವನದ ರಾಜನೀತಿಯ ಸಂವಾದದಿಂದ ಆರಂಭವಾಗುವುದು. ದುರ್ಯೋಧನನ ಆಡಳಿತದ ವರದಿಯೇ ಅದರ ಮೊದಲ ಮಾತು. ಅವನ ಕಾಡಿನ ಹಿಂದೆ ಹಸ್ತಿನಾವತಿಯು ಸದಾ ಇದ್ದೇ ಇರುವುದು; ಹಿಮಾಲಯದ ವರ್ಣನೆಯೂ ಯಕ್ಷನೊಬ್ಬನು ಅರ್ಜುನನಿಗೆ ತೋರಿಸಿಕೊಡುವ ದರ್ಶನವಾಗಿದೆ. ಅವನ ಕಾವ್ಯದ ಹೆಸರು ಕಿರಾತನನ್ನೂ ಅರ್ಜುನನನ್ನೂ ಎದುರುಬದುರಾಗಿ ನಿಲ್ಲಿಸುವುದು. ಷಡಕ್ಷರದೇವನ ಕಾವ್ಯದ ಹೆಸರಿನಲ್ಲಿ ಅರ್ಜುನನೇ ಇಲ್ಲ. ಶಬರನೂ ಶಂಕರನೂ ಇದ್ದಾರೆ, ಅವರಿಬ್ಬರೂ ಒಬ್ಬನೇ. ಹೆಸರಿನಿಂದಲೇ ಕವಿಯ ದೃಷ್ಟಿಯು ಎಲ್ಲಿ ನೆಟ್ಟಿದೆಯೆಂಬುದು ಸ್ಪಷ್ಟವಾಗುವುದು.

ಈ ಕಾಡಿನಲ್ಲಿ ಅಧಿಕಾರವು ಯಾರದು? ಹಂದಿಯು ಯಾರ ಬಾಣಕ್ಕೆ ಬಿದ್ದಿತೆಂಬುದೇ ಜಗಳದ ಮೂಲ. ಸತ್ಯೇಂದ್ರನ ನಗರದಲ್ಲಿಯಾಗಿದ್ದರೆ ಇಂತಹ ವ್ಯಾಜ್ಯವು ಅರಸನ ಮುಂದೆ ಹೋಗುತ್ತಿದ್ದಿತು. ಇಲ್ಲಿ ಅರಸನಿಲ್ಲ, ಅರಸುಕುಮಾರನಾದ ಅರ್ಜುನನೇ ವಾದಿ, ಅವನೆದುರು ನಿಂತ ಬೇಡನೇ ಪ್ರತಿವಾದಿ, ಆ ಬೇಡನೇ ಲೋಕದ ಒಡೆಯ. ಮೊದಲ ಕಾವ್ಯದಲ್ಲಿ ಬಡವಿಯು ಅರಸನ ಬಾಗಿಲಿಗೆ ಹೋಗಿ ನ್ಯಾಯವನ್ನು ಬೇಡಿದಳು; ಈ ಕಾವ್ಯದಲ್ಲಿ ಕ್ಷತ್ರಿಯನು ಕಾಡಿನವನೆಂದು ತಾನು ತಿಳಿದವನ ಎದುರು ತನ್ನ ಹಕ್ಕನ್ನು ಸಾಧಿಸಲು ಹೋಗಿ ಸೋಲುವನು. ಸೋಲಿನಲ್ಲಿಯೇ ಅನುಗ್ರಹವಿರುವುದು. ಸಿಂಹಾಸನ, ಮಹಮನೆ, ಕಡೆಗೆ ಬರಿಯ ನೆಲ. ಹೀಗೆ ಅಧಿಕಾರದ ಪೀಠವು ಮೂರು ಕಾವ್ಯಗಳಲ್ಲಿ ಒಂದೊಂದು ಮೆಟ್ಟಿಲು ಇಳಿದು ಬಂದಿರುವುದನ್ನು ಕಾಣಬಹುದು.

ಗಾತ್ರವು ಕಿರಿದಾದುದರಿಂದ ಸ್ಥಳದ ಹಿಡಿತವು ಇಲ್ಲಿ ಸಡಿಲವಾಗಿಲ್ಲ. ಕಾಡಿನ ವರ್ಣನೆ, ಬೇಟೆಯ ಸಂಭ್ರಮ, ಬೇಡವೇಷದ ವರ್ಣನೆ ಇವು ಒಂದೇ ಘಟನೆಯ ಕಡೆಗೆ ಹರಿಯುವುವು. ವೃಷಭೇಂದ್ರವಿಜಯದ ಅತಿವಿಸ್ತಾರಕ್ಕೆ ಇದು ಪ್ರಾಯಶ್ಚಿತ್ತವೋ ಎಂಬಂತಿದೆ. ಆದರೆ ಆ ಕಾವ್ಯದ ಜನಬಾಹುಳ್ಯವೂ ಇಲ್ಲಿಲ್ಲ. ತಿರುಕೊಳವಿನಾಚಿಯಂತಹ ಸಾಮಾನ್ಯ ಮಾನವರ ದನಿಯೂ ಇಲ್ಲ. ಕಾಡಿನಲ್ಲಿರುವ ಬೇಡರೆಲ್ಲ ವೇಷಧಾರಿಗಳಾದ ಗಣಗಳೇ ಹೊರತು ಕಾಡಿನ ನಿಜವಾದ ನಿವಾಸಿಗಳಲ್ಲ. ನೆಲಕ್ಕೆ ಇಳಿದ ಕಾವ್ಯವು ನೆಲದವರನ್ನು ಕಾಣದೆ ಹೋದುದು ಒಂದು ಕೊರತೆಯೇ ಸರಿ.

(೬)

ಈಗ ಮೂರನ್ನೂ ಒಟ್ಟಿಗೆ ಇಟ್ಟು ನೋಡುವ. ಮೂರು ಕಾವ್ಯಗಳ ಹೆಸರುಗಳಲ್ಲಿಯೂ ಎರಡೆರಡು ಅರ್ಥಗಳಿವೆ. ರಾಜಶೇಖರನೆಂದರೆ ಅರಸುಕುಮಾರ, ರಾಜನೆಂದರೆ ಚಂದ್ರನೂ ಆದುದರಿಂದ ಚಂದ್ರಶೇಖರನಾದ ಶಿವನೂ ಹೌದು. ವೃಷಭೇಂದ್ರನೆಂದರೆ ಕೈಲಾಸದ ನಂದಿ. ಬಸವ ಎಂಬುದು ವೃಷಭದ ತದ್ಭವವಾದುದರಿಂದ ಕಲ್ಯಾಣದ ಬಸವಣ್ಣನೂ ಹೌದು. ಶಬರಶಂಕರನಲ್ಲಿ ವೇಷವೂ ವೇಷಧಾರಿಯೂ ಒಂದೇ ಸಮಾಸದಲ್ಲಿ ಕೂಡಿದ್ದಾರೆ. ಹೆಸರುಗಳಂತೆಯೇ ಸ್ಥಳಗಳಿಗೂ ಎರಡು ಪದರಗಳು: ಮೇಲೆ ಭೂಲೋಕದ ನಗರವೋ ಕಾಡೋ, ಒಳಗೆ ಕೈಲಾಸ.

ಈ ಎರಡು ಪದರಗಳ ಸಂಬಂಧವು ಹೇಗೆ ಮಾರ್ಪಟ್ಟಿತೆಂಬುದೇ ನಮ್ಮ ವಿಚಾರದ ಸಾರ. ಮೊದಲ ಕಾವ್ಯದಲ್ಲಿ ಒಳಪದರವು ಕಥೆಯ ಕೊನೆಯವರೆಗೆ ಮುಚ್ಚಿದ್ದು, ಶಿವನು ಪ್ರತ್ಯಕ್ಷನಾದಾಗ ಮಾತ್ರ ತೆರೆಯುವುದು. ಪಾತ್ರಗಳು ಅದನ್ನು ಮುಂಚಿತವಾಗಿ ಅರಿಯವು. ಎರಡನೆಯದರಲ್ಲಿ ಕಥೆಯೇ ಕೈಲಾಸದಿಂದ ಇಳಿಯುವುದು. ನಂದಿಯು ಬಸವಣ್ಣನಾಗಿ ಬಂದುದು ವಾಚಕನಿಗೆ ಮೊದಲಿನಿಂದಲೂ ಗೊತ್ತು, ಶರಣರಿಗೂ ಗೊತ್ತು, ಅರಸನಿಗೆ ಮಾತ್ರ ಗೊತ್ತಾಗದು. ಮೂರನೆಯದರಲ್ಲಿ ಕೈಲಾಸಪತಿಯೇ ಕಾಡಿನಲ್ಲಿ ನಡೆದಾಡುವನು. ಅದು ಅರ್ಜುನನೊಬ್ಬನನ್ನು ಬಿಟ್ಟು ಎಲ್ಲರಿಗೂ ತಿಳಿದಿದೆ. ಭೂಮಿಗೂ ಕೈಲಾಸಕ್ಕೂ ಇರುವ ದೂರವು ಕಾವ್ಯದಿಂದ ಕಾವ್ಯಕ್ಕೆ ಕಡಮೆಯಾಗುತ್ತ ಬಂದಿತು. ಕಡಮೆಯಾದಂತೆಲ್ಲ ಸ್ಥಳದ ಬಾಹ್ಯವೈಭವವೂ ಕಡಮೆಯಾಗುತ್ತ ಬಂದಿತು. ಈ ವಾದಕ್ಕೆ ಕಾವ್ಯಗಳ ಕಾಲಕ್ರಮವೊಂದೇ ಊರುಗೋಲಲ್ಲ. ಒಂದೊಂದು ವಸ್ತುವೂ ತನಗೆ ಬೇಕಾದ ಸ್ಥಳವನ್ನು ಹೇಗೆ ಬೇಡಿತು, ಕವಿಯು ಹೇಗೆ ಒದಗಿಸಿದನು ಎಂಬುದೇ ಇದರ ಆಧಾರ.

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನವನ್ನು ಹೇಳಬೇಕಾಗಿದೆ. ಕಥೆಗಳು ಪೂರ್ವಸಿದ್ಧವಾದುವು, ಕಲ್ಯಾಣವನ್ನೋ ಇಂದ್ರಕೀಲವನ್ನೋ ಕವಿಯು ತಾನಾಗಿ ಆರಿಸಲಿಲ್ಲ, ಕಥೆಯೊಡನೆ ಅವು ಬಂದುವು, ಆದುದರಿಂದ ಈ ಪರಿಣಾಮವನ್ನು ಕವಿಯ ಬುದ್ಧಿಗೆ ಆರೋಪಿಸುವುದು ಸರಿಯಲ್ಲ, ಎಂದು ಕೆಲವರು ಹೇಳಬಹುದು. ಕಥೆಯನ್ನು ಆರಿಸುವುದೇ ಸ್ಥಳವನ್ನು ಆರಿಸುವುದಲ್ಲವೇ? ಶೈವಪುರಾಣಗಳ ಸಮುದ್ರದಲ್ಲಿ ನೂರಾರು ಕಥೆಗಳಿದ್ದುವು. ಅವುಗಳಲ್ಲಿ ಈ ಮೂರನ್ನೇ ಎತ್ತಿಕೊಂಡು, ಮೂರಕ್ಕೂ ಎರಡರ್ಥದ ಹೆಸರನ್ನೇ ಇಟ್ಟವನ ಮನಸ್ಸಿನಲ್ಲಿ ಯಾವ ಎಳೆಯೂ ಇರಲಿಲ್ಲವೆಂದು ಹೇಳುವುದು ಹೆಚ್ಚಿನ ಸಾಹಸ.

ಇನ್ನು ನಮ್ಮ ಕಡೆಯ ಅಭಿಮಾನಿಗಳ ಒಂದು ಮಾತು. ಶಬರಶಂಕರವಿಲಾಸದ ಕಾಡು ಮುತ್ತತ್ತಿಯ ಕಾಡೇ, ಅಲ್ಲಿಯ ಜಲಪಾತವು ಗಗನಚುಕ್ಕಿಯೇ ಎಂದು ನಿರ್ಣಯಿಸಿಬಿಡುವ ಆಸೆಯು ಮಳವಳ್ಳಿಯವರಿಗೆ ಸಹಜ. ಪಂಪನು ಬನವಾಸಿಯನ್ನು ಹಾಡಿದಂತೆ ನಮ್ಮ ಕವಿಯು ನಮ್ಮ ನೆಲವನ್ನು ಹಾಡಿರಬಾರದೇ? ಪಂಪನು ಬನವಾಸಿಯ ಹೆಸರನ್ನು ಹೇಳಿಯೇ ಹಾಡಿದನೆಂಬುದನ್ನು ಮರೆಯಬಾರದು. ಹೆಸರಿಲ್ಲದೆಡೆಯಲ್ಲಿ, ಕವಿಸಮಯಕ್ಕೆ ಸೇರಿದ ಜಲಪಾತವನ್ನೋ ಆನೆಯ ಹಿಂಡನ್ನೋ ಹಿಡಿದು ಊರನ್ನು ಗುರುತಿಸುವುದು ಪ್ರಮಾಣವಾಗಲಾರದು. ಹುಡುಕಬೇಕಾದುದು ಸಾಮಾನ್ಯ ವರ್ಣನೆಯಲ್ಲಿ ಅಲ್ಲ; ಸಂಸ್ಕೃತ ಪರಂಪರೆಯಲ್ಲಿ ಇಲ್ಲದ ಗಿಡದ ಹೆಸರು, ಬೇಟೆಯ ಉಪಕರಣದ ಹೆಸರು, ಪೈರಿನ ಹೆಸರು, ಊಟದ ಹೆಸರು ಎಲ್ಲಿಯಾದರೂ ಇಣುಕಿದರೆ ಅಲ್ಲಿ. ಮೂರು ಕಾವ್ಯಗಳಿಂದಲೂ ಇಂತಹ ದೇಶ್ಯಪದಗಳನ್ನು ಆರಿಸಿ, ಶಿಂಷಾ ಕಾವೇರಿಗಳ ನಡುವಣ ಹಳ್ಳಿಗಳ ಆಡುಮಾತಿನೊಡನೆ ಹೋಲಿಸಿದರೆ ಸ್ಥಳಾಭಿಮಾನಕ್ಕೆ ಶಾಸ್ತ್ರದ ಬಲವೂ ಬಂದೀತು.

(೭)

ಕಡೆಯದಾಗಿ, ಪಾಠಪ್ರವಚನದ ವಿಚಾರ. ತಿರುಕೊಳವಿನಾಚಿಯ ಪ್ರಲಾಪವನ್ನು ಪಠ್ಯದಲ್ಲಿರಿಸುವುದು ಯುಕ್ತವೇ. ಕನ್ನಡದ ಕರುಣರಸದ ಉತ್ತಮ ಭಾಗಗಳಲ್ಲಿ ಅದೊಂದು. ಆದರೆ ಅದರ ಹಿಂದೆ ಅದೇ ಕಾವ್ಯದ ಪುರವರ್ಣನೆಯಿಂದ ಕೆಲವು ಪದ್ಯಗಳನ್ನಾದರೂ ಸೇರಿಸದಿದ್ದರೆ ಕಾರಣವನ್ನು ಬಿಟ್ಟು ಕಾರ್ಯವನ್ನು ಬೋಧಿಸಿದಂತಾಗುವುದು. ಅಷ್ಟಾದಶವರ್ಣನೆಗಳನ್ನು ಪಟ್ಟಿಯಾಗಿ ಬಾಯಿಪಾಠ ಮಾಡಿಸುವ ಬದಲು, ಒಂದೇ ಕವಿಯ ಎರಡು ಕಾವ್ಯಗಳಿಂದ ಎರಡು ಸ್ಥಳವರ್ಣನೆಗಳನ್ನು ಎದುರುಬದುರಾಗಿ ಇರಿಸಿ, ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕಥೆಗೆ ಏನಾಗುವುದೆಂದು ವಿದ್ಯಾರ್ಥಿಗಳನ್ನೇ ಕೇಳುವುದು ಮೇಲು. ಸತ್ಯೇಂದ್ರನ ಬೀದಿಯನ್ನು ಕಲ್ಯಾಣದಲ್ಲಿಟ್ಟರೆ ಮಹಮನೆಗೆ ದಾರಿಯಿರದು. ಕಲ್ಯಾಣದ ಬಾಗಿಲನ್ನು ಇಂದ್ರಕೀಲದಲ್ಲಿಟ್ಟರೆ ಅರ್ಜುನನ ಏಕಾಂತವು ಕೆಡುವುದು. ವರ್ಣನೆಯು ಕಿತ್ತು ನೆಡಬಹುದಾದ ಗಿಡವಲ್ಲವೆಂಬುದನ್ನು ಅವರು ತಾವಾಗಿ ಕಂಡುಕೊಳ್ಳುವರು.

ರಾ. ನರಸಿಂಹಾಚಾರ್ಯರು ೧೯೦೭ರಿಂದ ೧೯೨೯ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಕರ್ನಾಟಕ ಕವಿಚರಿತೆಯು ಇಂತಹ ಕವಿಗಳ ಹೆಸರು, ಕಾಲ, ಕೃತಿಗಳನ್ನು ನಮ್ಮ ಕೈಗಿತ್ತಿತು. ಆ ತಳಹದಿಯ ಮೇಲೆ ಒಂದೊಂದು ಕವಿಯ ಕೃತಿಗಳನ್ನೂ ಪರಸ್ಪರ ಹೋಲಿಸಿ, ಆಶ್ವಾಸ ಆಶ್ವಾಸವಾಗಿ ವರ್ಣನೆಗಳ ಸೂಚಿಯನ್ನು ಸಿದ್ಧಪಡಿಸುವ ಕೆಲಸವು ಷಡಕ್ಷರದೇವನ ವಿಷಯದಲ್ಲಿ ನಡೆಯತಕ್ಕುದಾಗಿದೆ. ಧನಗೂರಿಗೆ ಸಮೀಪದಲ್ಲಿರುವ ವಿದ್ವಾಂಸರು ಈ ಕಾರ್ಯಕ್ಕೆ ಮೊದಲು ಕೈಹಾಕುವುದು ಉಚಿತ. ಮೇಲೆ ಸೂಚಿಸಿದ ಪರಿಣಾಮಕ್ರಮವು ಆ ಸೂಚಿಯಿಂದ ದೃಢಪಟ್ಟರೆ ಸಂತೋಷ. ಅದರಿಂದ ತಿದ್ದುಪಡಿಯನ್ನು ಪಡೆದರೂ ಕವಿಗೆ ಲಾಭವೇ ಆಗುವುದು, ಏಕೆಂದರೆ ಆಗ ಆತನ ವರ್ಣನೆಗಳನ್ನು ಓದಿದಂತಾಯಿತು.